ಮೂಲೆ ಮುರಿದರೆ ಇಡೀ ಫಿಲ್ಲಿಂಗ್ ಕಿತ್ತು ಹಾಕಿಸಬೇಡಿ

ದವಡೆ ಹಲ್ಲಿನ ಫಿಲ್ಲಿಂಗ್ ಒಂದು ಮೂಲೆಯಲ್ಲಿ ಚೂರು ಹಾರಿರುತ್ತದೆ, ಉಳಿದದ್ದೆಲ್ಲ ಗಟ್ಟಿಯಾಗಿರುತ್ತದೆ. ಆ ಮೂಲೆ ಮಾತ್ರ ಸರಿ ಮಾಡೋಣ ಎಂದರೆ ಬಹಳ ಜನ ಒಪ್ಪುವುದಿಲ್ಲ. "ತೇಪೆ ಬೇಡ ಡಾಕ್ಟ್ರೇ, ಪೂರ್ತಿ ತೆಗೆದು ಹೊಸದೇ ಹಾಕಿಬಿಡಿ" ಅನ್ನುತ್ತಾರೆ. ರಿಪೇರಿ ಅಂದರೆ ಅರ್ಧಂಬರ್ಧ ಕೆಲಸ ಎನ್ನುವ ಈ ನಂಬಿಕೆಗೆ ಬೆಲೆ ತೆರುವುದು ಹಲ್ಲು.

ಹಲ್ಲಿನ ಬಣ್ಣದ ಫಿಲ್ಲಿಂಗ್ ಅಂದರೆ ಕಾಂಪೋಸಿಟ್ ಕೊರೆದು ತೆಗೆಯುವಾಗ ಸಿಮೆಂಟು ಎಲ್ಲಿ ಮುಗಿಯಿತು, ಹಲ್ಲು ಎಲ್ಲಿ ಶುರುವಾಯಿತು ಎಂಬುದು ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಎಷ್ಟೇ ಜೋಪಾನ ಮಾಡಿದರೂ ಸುತ್ತಲಿನ ಒಳ್ಳೆಯ ಹಲ್ಲೂ ಒಂದಿಷ್ಟು ಸವೆದು ಹೋಗುತ್ತದೆ. ಪ್ರತಿ ಸಲ ಗುಳಿ ದೊಡ್ಡದಾಗುತ್ತದೆ, ಗೋಡೆ ತೆಳುವಾಗುತ್ತದೆ, ತಳ ನರಕ್ಕೆ ಹತ್ತಿರವಾಗುತ್ತದೆ. ಮುಂದೆ ರೂಟ್ ಕೆನಾಲ್, ಕ್ಯಾಪ್, ಕೊನೆಗೆ ಕೀಳಿಸುವುದು. ದಂತವೈದ್ಯರ ವಿಶ್ವ ಒಕ್ಕೂಟವಾದ ಎಫ್‌ಡಿಐ 2019ರಲ್ಲೇ ರಿಪೇರಿಯ ಪರವಾಗಿ ನೀತಿ ಹೇಳಿಕೆ ಹೊರಡಿಸಿದೆ.

ಅಂಚಿನಲ್ಲಿ ಕಂದು ಗೆರೆ ಕಂಡ ತಕ್ಷಣ ಒಳಗೆಲ್ಲ ಹುಳುಕು ಅಂದುಕೊಳ್ಳಬೇಡಿ. ಕಾಫಿ, ಟೀ, ಎಲೆ-ಅಡಿಕೆಯ ಕಲೆ ಅಲ್ಲಿ ಕೂರುತ್ತದೆ. ಎಷ್ಟೋ ಸಲ ಪಾಲಿಶ್ ಮಾಡಿದರೆ ಸಾಕು. ಎರಡು ಹಲ್ಲಿನ ಸಂದಿಯಲ್ಲಿ, ವಸಡಿನ ಕಡೆಯ ಅಂಚಿನಲ್ಲಿ ನಿಜವಾದ ಹುಳುಕು ಹೆಚ್ಚು. ಅದನ್ನು ನೋಡಲು ಬೈಟ್‌ವಿಂಗ್, ಅಂದರೆ ಹಲ್ಲು ಕಚ್ಚಿಸಿ ಸಂದಿ ಕಾಣುವಂತೆ ತೆಗೆಯುವ ಎಕ್ಸ್‌ರೇ ಬೇಕು.

ರಿಪೇರಿ ಐದು ನಿಮಿಷದ ಕೆಲಸವೂ ಅಲ್ಲ. ಹಳೆಯ ಕಾಂಪೋಸಿಟ್‌ನಲ್ಲಿ ಹೊಸದರ ಜೊತೆ ಬೆಸೆಯುವ ರಾಸಾಯನಿಕ ಶಕ್ತಿ ಬಹುಪಾಲು ಮುಗಿದಿರುತ್ತದೆ. ಹಾಗಾಗಿ ಮೇಲೆ ಸುಮ್ಮನೆ ಮೆತ್ತಿದರೆ ಬೇಗ ಕಿತ್ತು ಬರುತ್ತದೆ. ಮೊದಲು ಕೆಟ್ಟ ಭಾಗ ತೆಗೆದು, ಹಲ್ಲಿನ ಸುತ್ತ ರಬ್ಬರ್ ಡ್ಯಾಮ್ ಎಂಬ ತೆಳು ಹಾಳೆ ಹಾಕಿ ಎಂಜಲು ತಾಗದಂತೆ ಮಾಡಬೇಕು. ಆಮೇಲೆ ಹಳೆಯ ಮೇಲ್ಮೈಯನ್ನು ಡೈಮಂಡ್ ಬರ್ ಎಂಬ ಕೊರೆಯುವ ಮೊನೆಯಿಂದಲೋ, 50 ಮೈಕ್ರಾನ್ ಅಲ್ಯೂಮಿನಾ ಪುಡಿ ಊದಿಯೋ ತರಿತರಿ ಮಾಡಬೇಕು. ಇದನ್ನು ಬಿಟ್ಟರೆ ಉಳಿದ ಹಂತಗಳೆಲ್ಲ ದಂಡ. ಹಲ್ಲಿಗೆ ಹಿಡಿತ ಬರಲು ಹಚ್ಚುವ 37% ಫಾಸ್ಫಾರಿಕ್ ಆ್ಯಸಿಡ್ ಜೆಲ್ ಹೊರಪದರ ಎನಾಮಲ್ ಮೇಲೆ 15ರಿಂದ 30 ಸೆಕೆಂಡ್ ಸಾಕು, ಒಳಪದರ ಡೆಂಟಿನ್ ಮೇಲೆ 15 ಸೆಕೆಂಡ್ ದಾಟಬಾರದು. ತೊಳೆದ ಮೇಲೆ ಹಳೆಯ ಕಾಂಪೋಸಿಟ್‌ಗೆ ಹೊಸದನ್ನು ಬೆಸೆಯಲು ನೆರವಾಗುವ ಸೈಲೇನ್ ದ್ರವ, ಅದು ಆರಿದ ಮೇಲೆ ಬಾಂಡಿಂಗ್ ಎಂಬ ಅಂಟು, ಅದನ್ನು ಗಟ್ಟಿ ಮಾಡಲು ಲೈಟ್. ಮಾಮೂಲಿ ಕಾಂಪೋಸಿಟ್ ಆದರೆ 2 ಮಿಲಿಮೀಟರ್‌ಗಿಂತ ದಪ್ಪ ಪದರ ಹಾಕಬಾರದು. ದಪ್ಪವಾದರೆ ಬೆಳಕು ಕೆಳಗಿನವರೆಗೆ ಇಳಿಯದೆ ತಳ ಹಸಿಯಾಗಿಯೇ ಉಳಿಯುತ್ತದೆ. ನಡುವೆ ಒಂದು ಹನಿ ಎಂಜಲೋ ರಕ್ತವೋ ತಾಗಿದರೂ ಆ ಜಾಗ ಹಿಡಿಯುವುದಿಲ್ಲ. ವಸಡಿನ ಪಕ್ಕದ ರಿಪೇರಿಗಳು ಬೇಗ ಸೋಲುವುದು ಹೆಚ್ಚಾಗಿ ಇದೇ ಕಾರಣಕ್ಕೆ.

ಬೆಳ್ಳಿ ಫಿಲ್ಲಿಂಗ್ ಅಂದರೆ ಅಮಾಲ್ಗಮ್‌ಗೆ ಸೈಲೇನ್ ಕೆಲಸಕ್ಕೆ ಬಾರದು. ಅಲ್ಲಿ ಲೋಹಕ್ಕೆ ಬೆಸೆಯುವ ಪ್ರೈಮರ್ ದ್ರವ ಬಳಸಬೇಕು, ಇಲ್ಲವೇ ಹೊಸದು ಕಚ್ಚಿಕೊಳ್ಳಲು ಸಣ್ಣ ಕಚ್ಚು ಕೊರೆಯಬೇಕು.

ಇಷ್ಟೆಲ್ಲ ಇರುವುದರಿಂದ "ಚೂರು ಸಿಮೆಂಟಿಗೆ ಇಷ್ಟೊಂದು ಫೀಸಾ?" ಎಂಬ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ: ದುಡ್ಡು ಸಿಮೆಂಟಿಗಲ್ಲ, ಸಮಯಕ್ಕೆ.

ಪೂರ್ತಿ ತೆಗೆಯಲೇಬೇಕಾದ ಸಂದರ್ಭಗಳೂ ಇವೆ. ಫಿಲ್ಲಿಂಗ್ ಅಲ್ಲಾಡುತ್ತಿದ್ದರೆ, ಹುಳುಕು ಅದರ ಅಡಿಗೆ ಹರಡಿದ್ದರೆ, ಅದೇ ಜಾಗ ಮತ್ತೆ ಮತ್ತೆ ಮುರಿಯುತ್ತಿದ್ದರೆ ರಿಪೇರಿಗೆ ಹಟ ಹಿಡಿಯಬಾರದು. ಬಿಸಿ ತಾಗಿದ ನೋವು ನಿಮಿಷಗಟ್ಟಲೆ ನಿಲ್ಲದಿದ್ದರೆ ಸಮಸ್ಯೆ ನರದ್ದು, ಫಿಲ್ಲಿಂಗ್ ಬದಲಿಸುವುದರಿಂದಲೂ ಹೋಗದು. ಮುಂದಿನ ಸಲ ಕುರ್ಚಿಯಲ್ಲಿ ಕೂತಾಗ "ಎಕ್ಸ್‌ರೇಯಲ್ಲಿ ಅಡಿಯಲ್ಲಿ ಹುಳುಕು ಕಾಣ್ತಿದೆಯಾ? ಇಲ್ಲದಿದ್ರೆ ಮುರಿದಷ್ಟನ್ನೇ ಸರಿ ಮಾಡಬಹುದಾ?" ಎಂದು ಧೈರ್ಯವಾಗಿ ಕೇಳಿ. ರಿಪೇರಿ ಆದ ಮೇಲೆ ಕಚ್ಚುವಾಗ ಎತ್ತರ ಅನಿಸಿದರೆ ರೂಢಿಯಾಗುತ್ತದೆ ಎಂದು ಬಿಡಬೇಡಿ, ವಾಪಸ್ ಹೋಗಿ ಉಜ್ಜಿಸಿಕೊಳ್ಳಿ. ರಿಪೇರಿ ಆದ ಹಲ್ಲಿನ ಸಂದಿಯಲ್ಲಿ ಫ್ಲಾಸ್ ದಾರ ಎಳೆಎಳೆಯಾಗಿ ಹರಿಯುತ್ತಿದ್ದರೆ ಅಂಚು ಒರಟಾಗಿದೆ ಎಂದರ್ಥ. ಅದನ್ನೂ ಆಗಲೇ ತೋರಿಸಿ.