ಹಡಗಿಗೆ ತನಿಖೆ, ಪಡೆಗೆ ಬಿರುದು

ನ್ಯೂಫೌಂಡ್‌ಲ್ಯಾಂಡ್ ಈಗ ಕೆನಡಾದ ಭಾಗ. 1914ರಲ್ಲಿ ಬೇರೆಯದೇ ನಾಡು, ಜನಸಂಖ್ಯೆ ಎರಡೂವರೆ ಲಕ್ಷವೂ ಇರಲಿಲ್ಲ. ಮೊದಲ ಮಹಾಯುದ್ಧ ಶುರುವಾದಾಗ ಅಲ್ಲಿನ ಹುಡುಗರು ಬ್ರಿಟನ್ ಪರ ಹೋರಾಡಲು ತಾವಾಗಿಯೇ ಬಂದು ಪಡೆಗೆ ಹೆಸರು ಬರೆಸಿದರು. ಕಾಲಿಗೆ ಸುತ್ತೋ ಪಟ್ಟಿಗೆ ಖಾಕಿ ಬಟ್ಟೆ ಸಿಗಲಿಲ್ಲ, ನೀಲಿಯದ್ದೇ ಸುತ್ತಿಕೊಂಡರು. ಅಕ್ಟೋಬರ್‌ನಲ್ಲಿ ಮೊದಲ ಐನೂರು ಜನರನ್ನು ಸೇಂಟ್ ಜಾನ್ಸ್ ಬಂದರಿನಿಂದ ಹೊತ್ತೊಯ್ದದ್ದು ಫ್ಲೋರಿಜೆಲ್. ನ್ಯೂಯಾರ್ಕ್‌ವರೆಗೆ ಓಡಾಡುತ್ತಿದ್ದ ಪ್ರಯಾಣಿಕರ ಹಡಗು. ಸಮುದ್ರದ ಹಿಮಗಡ್ಡೆಗೂ ಜಗ್ಗದ ಹಾಗೆ ಕಟ್ಟಿದ್ದರು.

ಈ ಪಡೆ ಮತ್ತು ಈ ಹಡಗು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು ಅನ್ನೋದು ನನ್ನ ವಾದ.

1916 ಜುಲೈ 1, ಫ್ರಾನ್ಸಿನ ಬೋಮೋಂ-ಹಮೆಲ್. ಮೊದಲು ನುಗ್ಗಿದ ಪಡೆಗಳು ಆಗಲೇ ನೆಲಕಚ್ಚಿದ್ದವು. ಬಿಳಿ ಬೆಳಕಿನ ಸಿಗ್ನಲ್ ಒಂದನ್ನು ನೋಡಿ ಮೇಲಿನವರು ನಮ್ಮವರು ಗೆದ್ದರು ಅಂದುಕೊಂಡರು. ನ್ಯೂಫೌಂಡ್‌ಲ್ಯಾಂಡ್ ಪಡೆಯನ್ನೂ ಹೊರಡಿಸಿದರು. ಮುಂದಿನ ಕಂದಕಗಳ ತುಂಬ ಹೆಣ, ಗಾಯಾಳುಗಳು. ಕಾಲಿಡಲು ಜಾಗವಿಲ್ಲ. ಹಿಂದಿನ ಸಾಲಿನಿಂದಲೇ ಮೇಲೆ ಹತ್ತಿ ಬಯಲಲ್ಲಿ ನಡೆದರು. ಹಿಮಗಾಳಿಗೆ ಎದುರು ಹೋಗುವವರ ಹಾಗೆ ಗಲ್ಲ ಒಳಗೆ ಒತ್ತಿಕೊಂಡು ನಡೆದರಂತೆ. ಎದುರಿಗೆ ಇದ್ದದ್ದು ಜರ್ಮನರ ಮೆಷಿನ್ ಗನ್. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ದಾಳಿಗೆ ಹೊರಟವರು ಸುಮಾರು 800. ಮರುದಿನ ಹಾಜರಿ ಕೂಗಿದಾಗ ಓಗೊಟ್ಟವರು 68.

1918ರ ಫೆಬ್ರವರಿ, ಫ್ಲೋರಿಜೆಲ್ ಸರದಿ. ರಾತ್ರಿ, ಬಿರುಗಾಳಿ. ನ್ಯೂಫೌಂಡ್‌ಲ್ಯಾಂಡಿನ ಆಗ್ನೇಯ ತುದಿಯ ಕೇಪ್ ರೇಸ್ ದಾಟಿ ಆಯ್ತು ಅಂದುಕೊಂಡ ಕ್ಯಾಪ್ಟನ್ ಹಡಗು ತಿರುಗಿಸಿದರು. ದಾಟಿರಲಿಲ್ಲ. ಹಡಗು ಬಂಡೆಗೆ ಬಡಿಯಿತು. 94 ಜನ ಸತ್ತರು, 44 ಜನ ಉಳಿದರು. ತನಿಖೆ ನಡೆಯಿತು. ಸಮುದ್ರದ ಆಳ ಅಳೆದು ನೋಡಲಿಲ್ಲ ಯಾಕೆ ಅಂತ ಕೇಳಿ ಕ್ಯಾಪ್ಟನ್ ಲೈಸೆನ್ಸ್ ಅಮಾನತು ಮಾಡಿದರು. ಅವರಿಗೆ ಹೇಳದೆ ಮುಖ್ಯ ಎಂಜಿನಿಯರ್ ವೇಗ ತಗ್ಗಿಸಿದ್ದ ಸಂಗತಿ ಆಮೇಲೆ ಹೊರಗೆ ಬಂತು.

ಯುದ್ಧವೇ ಬೇರೆ, ಹಡಗಿನ ಅಪಘಾತವೇ ಬೇರೆ ಅಂತೀರಾ? ಇರಬಹುದು. ಆದರೆ ತಪ್ಪು ಒಂದೇ ಥರದ್ದು ಅಲ್ವಾ? ಇನ್ನೂ ದಾಟದ್ದನ್ನು ದಾಟಿದೆವು ಅಂದುಕೊಂಡದ್ದು. ಕ್ಯಾಪ್ಟನ್ ಆದರೂ ಅದೇ ಹಡಗಿನಲ್ಲಿದ್ದರು. ನ್ಯೂಫೌಂಡ್‌ಲ್ಯಾಂಡ್ ಪಡೆಯಿದ್ದ ಡಿವಿಷನ್‌ನ ಮುಖ್ಯಸ್ಥ ಜನರಲ್ ಡಿ ಲೈಲ್ ಆ ಬಯಲಿನಲ್ಲಿ ಇರಲಿಲ್ಲ. ಆಮೇಲೆ ನ್ಯೂಫೌಂಡ್‌ಲ್ಯಾಂಡ್ ಪ್ರಧಾನಿಗೆ ಹೋದ ಸಂದೇಶದಲ್ಲಿ ಹೊಗಳಿಕೆ ಏನು ಗೊತ್ತಾ? ಸತ್ತವರು ಮುಂದೆ ಹೋಗಲಾಗದು, ದಾಳಿ ಸೋತದ್ದು ಅಷ್ಟಕ್ಕೇ ಅಂತ! ಓದಿದರೆ ಮೈ ಉರಿಯುತ್ತೆ. ಪಡೆಗೆ 1917ರಲ್ಲಿ 'ರಾಯಲ್' ಬಿರುದು ಬಂತು. ಕ್ಯಾಪ್ಟನ್ ಲೈಸೆನ್ಸ್ ಹೋದ 1918ರಲ್ಲೇ ಡಿ ಲೈಲ್ ಕೈಗೆ ಡಿವಿಷನ್‌ಗಿಂತ ದೊಡ್ಡದು, ಒಂದು ಇಡೀ ಕೋರ್ ಕೊಟ್ಟರು.