ಶಾಲು ಇರಲಿ ಸಾಹೇಬ್ರ, ರ‍್ಯಾಂಪ್ ಯಾವಾಗ?

2023ರ ಏಪ್ರಿಲ್ ಕೊನೆಗೆ ನಾನು ಊರಲ್ಲಿದ್ದೆ. ಕೊಪ್ಪಳ ಜಿಲ್ಲೆ, ಕುಷ್ಟಗಿ ತಾಲ್ಲೂಕು. ಬಿಸಿಲು ಅಂದ್ರೆ ಬಿಸಿಲು, ಅದರ ಮೇಲೆ ವಿಧಾನಸಭೆ ಚುನಾವಣೆ ಬೇರೆ. ಹನುಮಪ್ಪನ ಗುಡಿ ಕಟ್ಟೆ ಮೇಲೆ ನಮ್ಮ ಕಾಕಾನ ಮಗ ಕೂತಿದ್ದ. ಸಣ್ಣವನಿದ್ದಾಗ ಪೋಲಿಯೊ ಆಗಿ ಅವನ ಎರಡೂ ಕಾಲು ಸೋತಿವೆ. ಅಭ್ಯರ್ಥಿ ಬಂದರು, ಹಿಂದೆ ಹಲಗೆ, ಪಟಾಕಿ, ಐವತ್ತು ಜನ. ಇವನನ್ನು ಕಂಡಕೂಡಲೇ ಬಗ್ಗಿ ಹೆಗಲ ಮೇಲೆ ಕೈ ಹಾಕಿದರು, ತಮ್ಮ ಕೊರಳಲ್ಲಿದ್ದ ಪಕ್ಷದ ಶಾಲು ತೆಗೆದು ಇವನಿಗೆ ಹೊದಿಸಿದರು. ನಾಲ್ಕೈದು ಮೊಬೈಲು ಮೇಲೆದ್ದವು.

"ಆರಿಸಿ ಬಂದ ಮ್ಯಾಲ ನಿನಗೊಂದು ಮೂರು ಗಾಲಿ ಗಾಡಿ ಕೊಡಸ್ತೀನಿ ತಮ್ಮಾ."

"ಗಾಡಿ ಐತ್ರೀ ಸಾಹೇಬ್ರ, ಬೇವಿನ ಗಿಡದ ಬುಡಕ ನಿಂತೈತಿ. ಅದನ್ನ ತಗೊಂಡು ಹೋದ್ರ ಆಫೀಸಿನ ಆರು ಮೆಟ್ಲ ಹೆಂಗ ಏರ್ಲಿ? ಅಲ್ಲೊಂದು ರ‍್ಯಾಂಪ್ ಯಾವಾಗ ಮಾಡಸ್ತೀರಿ, ಅದನ್ನ ಹೇಳ್ರಿ."

"ಮಾಡೋಣು, ಮಾಡೋಣು" ಅನ್ನುವಷ್ಟರಲ್ಲಿ ಹಲಗೆ ಮತ್ತೆ ಶುರುವಾಯಿತು. ಆ ಶಾಲಲ್ಲಿ ನಮ್ಮ ಚಿಗವ್ವ ಈಗ ರೊಟ್ಟಿ ಸುತ್ತಿಡುತ್ತಾಳೆ.

ತಮಾಷೆ ಏನಂದ್ರೆ, ಅದೇ ಚುನಾವಣೆಯಲ್ಲಿ ಇವನು 12ಡಿ ಫಾರ್ಮ್ ತುಂಬಿ ಮನೆಯಲ್ಲೇ ವೋಟು ಹಾಕಿದ. ನಮ್ಮ ರಾಜ್ಯದ ವಿಧಾನಸಭೆ ಚುನಾವಣೆಯಲ್ಲಿ ಅಂಗವಿಕಲರಿಗೂ ಎಂಬತ್ತು ದಾಟಿದವರಿಗೂ ಆ ಅವಕಾಶ ಸಿಕ್ಕಿದ್ದು ಅದೇ ಮೊದಲು. ಸಿಬ್ಬಂದಿ ಬಂದು, ಅಡ್ಡ ಮರೆ ಇಟ್ಟು, ಗುಟ್ಟಾಗಿ ಗುರುತು ಹಾಕಿಸಿ, ಪೆಟ್ಟಿಗೆ ತಗೊಂಡು ಹೋದರು. ನಿಜಕ್ಕೂ ಒಳ್ಳೆಯ ಕೆಲಸ. ಅಂದ್ರೆ ಇವನ ವೋಟು ಒಯ್ಯೋಕೆ ಸರ್ಕಾರ ಹೊಸ್ತಿಲ ತನಕ ಬರಬಲ್ಲದು, ಇವನು ಒಂದು ಅರ್ಜಿ ಕೊಡೋಕೆ ಹೋದರೆ ಮಾತ್ರ ಆರು ಮೆಟ್ಟಿಲು. ಕೈ ಊರಿಕೊಂಡು, ಕುಂಡಿ ಮೇಲೆ ಜರುಗುತ್ತಾ ಏರುತ್ತಾನೆ. ಏಪ್ರಿಲ್‌ನಲ್ಲಿ ಆ ಕಲ್ಲು ಮುಟ್ಟಿ ನೋಡಿ ಒಮ್ಮೆ.

ನಾನಿರುವುದು ಕೆನಡಾದ ಒಂಟಾರಿಯೊದಲ್ಲಿ. 2025ರ ಫೆಬ್ರವರಿ 27ಕ್ಕೆ ಇಲ್ಲೂ ಪ್ರಾಂತ್ಯದ ಚುನಾವಣೆ ನಡೆಯಿತು. ಅದಕ್ಕೆ ಒಂದು ವಾರ ಮೊದಲು ಗೆಳೆಯನೊಬ್ಬ ಕರೆದ ಅಂತ, ಮೊಣಕಾಲುದ್ದ ಹಿಮ ತುಳಿದುಕೊಂಡು ಒಂದು ಸಭೆಗೆ ಹೋಗಿದ್ದೆ. ಹಲಗೆ ಇಲ್ಲ, ಶಾಲು ಇಲ್ಲ, ಸಪ್ಪೆ ಕಾಫಿ ಒಂದಿತ್ತು. ಕ್ಷೇತ್ರದ ಎಲ್ಲ ಅಭ್ಯರ್ಥಿಗಳನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದರು. ಬಾರದವರ ಹೆಸರಿನ ಫಲಕ ಖಾಲಿ ಕುರ್ಚಿ ಮುಂದೆ ಹಾಗೇ ಇತ್ತು. ಪಕ್ಕದಲ್ಲಿ ಒಬ್ಬಾಕೆ ಎಲ್ಲವನ್ನೂ ಸನ್ನೆ ಭಾಷೆಯಲ್ಲಿ ಹೇಳುತ್ತಿದ್ದರು. ಗಾಲಿಕುರ್ಚಿಯಲ್ಲಿದ್ದ ಹೆಂಗಸು ಮೈಕು ಹಿಡಿದು ಒಂದೇ ಪ್ರಶ್ನೆ ಕೇಳಿದರು: ಜನವರಿ 1 ಕಳೆಯಿತಲ್ಲ, ಈಗೇನು ಮಾಡುತ್ತೀರಿ? ಎಲ್ಲರಿಗೂ ಅದೇ ಪ್ರಶ್ನೆ, ಎಲ್ಲರಿಗೂ ಒಂದೊಂದು ನಿಮಿಷ.

ಆ ತಾರೀಖಿಗೆ ಒಂದು ಕಥೆ ಇದೆ. 2003ರ ಚುನಾವಣೆಗೆ ಮುಂಚೆ ಇಲ್ಲಿನ ಅಂಗವಿಕಲರು ಪಕ್ಷಗಳಿಗೆ ಕಾಗದ ಬರೆದು, ನಮಗೊಂದು ಗಟ್ಟಿ ಕಾನೂನು ಕೊಡುತ್ತೀರಾ ಅಂತ ಕೇಳಿದ್ದರು. ಲಿಬರಲ್ ನಾಯಕ ಡಾಲ್ಟನ್ ಮೆಗಿಂಟಿ ಕೊಡುತ್ತೇನೆ ಅಂತ ಕಾಗದದಲ್ಲೇ ಬರೆದುಕೊಟ್ಟರು. ಗೆದ್ದ ಮೇಲೆ ಆ ಕಾಗದ ಅವರನ್ನು ಬಿಡಲಿಲ್ಲ. 2005ರಲ್ಲಿ ಕಾನೂನು ಬಂತು: 2025ರ ಜನವರಿ 1ರೊಳಗೆ ಇಡೀ ಪ್ರಾಂತ್ಯದಲ್ಲಿ ಅಂಗವಿಕಲರಿಗೆ ಅಡ್ಡಿ ಇರಬಾರದು. ಇದರ ಹಿಂದೆ ಬಿದ್ದವರಲ್ಲಿ ಡೇವಿಡ್ ಲೆಪೊಫ್ಸ್ಕಿ ಅಂತ ಒಬ್ಬ ವಕೀಲರಿದ್ದಾರೆ, ಕಣ್ಣು ಕಾಣದವರು. ಟೊರೊಂಟೊ ಬಸ್ಸುಗಳಲ್ಲಿ ಪ್ರತಿ ಸ್ಟಾಪಿನ ಹೆಸರು ಕೂಗಿ ಹೇಳಲೇಬೇಕು ಅಂತ 2007ರಲ್ಲಿ ಕೇಸು ಗೆದ್ದವರೂ ಇವರೇ. ಈಗ ಆ ದನಿ ಕೇಳಿ ಇಳಿಯುವವರು ಬರೀ ಕುರುಡರಲ್ಲ, ಮೊಬೈಲಲ್ಲಿ ಮುಳುಗಿದ ನನ್ನಂಥವರೂ ಹೌದು.

ಹಾಗಂತ ಇಲ್ಲಿ ಎಲ್ಲ ಸರಿಹೋಯಿತಾ? ಇಲ್ಲ. ಇಪ್ಪತ್ತು ವರ್ಷ ಕೊಟ್ಟರೂ ಗಡುವು ಮುರಿಯಿತು. ಆದರೆ ಮುರಿದದ್ದು ಎಲ್ಲರಿಗೂ ಗೊತ್ತಿದೆ. ಕೇಳಿದಾಗ ಅಭ್ಯರ್ಥಿಯ ಮುಖ ಕೆಂಪಾಗುತ್ತದೆ, ಅಷ್ಟಾದರೂ ಆಗುತ್ತದೆ.

ನಮ್ಮಲ್ಲೂ ಗಡುವು ಇತ್ತು, ಗೊತ್ತಾ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ, ನಿಯಮಗಳು ಬಂದ ಐದು ವರ್ಷದೊಳಗೆ ಜನ ಬಳಸುವ ಹಳೆಯ ಕಟ್ಟಡಗಳೆಲ್ಲ ಇವರಿಗೂ ಹೊಂದುವಂತೆ ಆಗಬೇಕಿತ್ತು. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಅಂದ್ರೆ ಆ ಕಟ್ಟೆ ಮೇಲೆ ಶಾಲು ಬೀಳುವ ಹೊತ್ತಿಗೆ ಗಡುವು ಮುಗಿದು ಹತ್ತು ತಿಂಗಳಾಗಿತ್ತು. ಅಭ್ಯರ್ಥಿಗೆ ಗೊತ್ತಿರಲಿಲ್ಲ, ನಮ್ಮ ತಮ್ಮನಿಗೂ ಗೊತ್ತಿರಲಿಲ್ಲ, ಊರಿಗೆ ಹೋದಾಗಲೆಲ್ಲ ಬುದ್ಧಿ ಹೇಳುವ ನನಗೂ ಗೊತ್ತಿರಲಿಲ್ಲ. ಕಾನೂನಿನಲ್ಲಿ ಇರುವುದನ್ನು ಅವನು ಬೇಡಿಕೊಂಡ, ಅವರು ದೊಡ್ಡ ಮನಸ್ಸು ಮಾಡಿದವರ ಹಾಗೆ "ಮಾಡೋಣು" ಅಂದರು.

ನನ್ನ ತಕರಾರು ಇಷ್ಟೇ. ನಮ್ಮ ಕಡೆ ಕೇಳುವುದು ಒಬ್ಬೊಬ್ಬರೇ, ಸಿಗುವುದೂ ಒಬ್ಬೊಬ್ಬರಿಗೇ: ಒಬ್ಬನಿಗೆ ಗಾಡಿ, ಇನ್ನೊಬ್ಬಳಿಗೆ ಹೊಲಿಗೆ ಯಂತ್ರ. ಪಗಾರದ ಮಾತೂ ಹಾಗೇ (ನಮ್ಮಲ್ಲಿ ಮಾಶಾಸನಕ್ಕೆ ಪಗಾರ ಅಂತಲೇ ಅನ್ನುವುದು). 2021ರಲ್ಲಿ 600 ಇದ್ದದ್ದನ್ನು 800 ಮಾಡಿದರು, ಅದನ್ನು ಹೇಳಿಯೇ ವೋಟು ಕೇಳಿದರು. 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ 13 ಲಕ್ಷಕ್ಕೂ ಜಾಸ್ತಿ ಅಂಗವಿಕಲರಿದ್ದಾರೆ. ಅಷ್ಟು ಜನ ಒಂದೇ ಪ್ರಶ್ನೆ ಕೇಳಿದರೆ ಹಲಗೆ ಬಾರಿಸಿ ತಪ್ಪಿಸಿಕೊಳ್ಳೋಕೆ ಆಗುತ್ತಾ?

ಒಂದು ವಿಷಯದಲ್ಲಿ ಮಾತ್ರ ನಮ್ಮೂರೇ ಮೇಲು. ಇಲ್ಲಿ ಅಭ್ಯರ್ಥಿಯ ಮುಖ ನೋಡಬೇಕಾದರೆ ನಾನು ಹಿಮ ತುಳಿಯಬೇಕು. ಅಲ್ಲಿ ಅವರೇ ಕಟ್ಟೆಗೆ ಬರುತ್ತಾರೆ, ಚಾ ಕುಡಿಯುತ್ತಾರೆ, ನಿಂತು ಮಾತಾಡಿಸುತ್ತಾರೆ.

ಮೊನ್ನೆ ಫೋನಿನಲ್ಲಿ ಇದನ್ನೆಲ್ಲ ಹೇಳಿ, ಮುಂದಿನ ಸಲ ಎಲ್ಲರಿಗೂ ಕಾಗದ ಕೊಟ್ಟು ಸಹಿ ತಗೋ ಅಂದೆ. ನಕ್ಕ. "ಅಣ್ಣಾ, ಕಾಗದ ಕೊಟ್ರ ಅವ್ರ ಹಿಂದ ನಿಂತಾಂವ ಕಿಸೇದಾಗ ಇಟ್ಕೊಂಡು ಹೋಗ್ತಾನ. ನಾ ಕೇಳೂದು, ಅವ್ರು ಹೇಳೂದು, ಎರಡೂ ವಿಡಿಯೊ ಮಾಡಿ ಊರ ವಾಟ್ಸಾಪ್ ಗ್ರೂಪಿಗೆ ಹಾಕೂದು. ಆಗ ನೋಡು."

ನನಗೆ ಇದು ಹೊಳೆದೇ ಇರಲಿಲ್ಲ. ನಾನು ಏಳು ಪ್ರಶ್ನೆ ಬರೆದು ಕಳಿಸಿದ್ದೆ, ಎರಡನ್ನು ಇಟ್ಟುಕೊಂಡು ಉಳಿದದ್ದು ಹೊಡೆದು ಹಾಕಿದ್ದಾನೆ. ಆ ಆರು ಮೆಟ್ಟಿಲಿಗೆ ರ‍್ಯಾಂಪ್ ಯಾವ ತಿಂಗಳು? ಪಂಚಾಯಿತಿ ತನ್ನ ಸ್ವಂತ ಆದಾಯದಲ್ಲಿ ಅಂಗವಿಕಲರಿಗೆ ತೆಗೆದಿಡಬೇಕಾದ ನೂರಕ್ಕೆ ಐದು ಹೋದ ವರ್ಷ ಎಲ್ಲಿಗೆ ಹೋಯಿತು? ಮೂರನೆಯದು ಅವನದೇ, ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ: ಬೋರಿನ ಫ್ಲೋರೈಡ್ ನೀರು ಕುಡಿದು ಮೊಣಕಾಲು ಬಗ್ಗದಂತಾದ ಮುದುಕರಿಗೆ ಸರ್ಟಿಫಿಕೇಟು ಮಾಡಿಸಿಕೊಡುವುದು ಆಮೇಲೆ, ಮೊದಲು ಆ ನೀರು ನಿಲ್ಲಿಸುವುದು ಯಾವಾಗ?