ಅಂಗಳಕ್ಕೆ ಬಂದ ಅಬ್ರಹಾಂ

ನೆದರ್‌ಲ್ಯಾಂಡ್ಸ್‌ನ ಎಮ್ಮೆಲೋರ್ಡ್‌ನಲ್ಲಿ ಗುಟ್ಟು ಅನ್ನೋದು ಉಳಿಯೋದೇ ಇಲ್ಲ. ಹಾಗಂತ ಯಾರೂ ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಎಲ್ಲವನ್ನೂ ಮನೆ ಮುಂದೆ ನಿಲ್ಲಿಸಿಬಿಡುತ್ತಾರೆ. ಮಗು ಹುಟ್ಟಿತಾ? ಅಂಗಳದಲ್ಲಿ ಮರದ ಕೊಕ್ಕರೆ. ಹುಡುಗ ಹೈಸ್ಕೂಲು ಪಾಸಾದನಾ? ಬಾವುಟದ ಕೋಲಿಗೆ ಅವನ ಸ್ಕೂಲ್ ಬ್ಯಾಗು. ನಮ್ಮಲ್ಲಾದರೆ ಮಾರ್ಕ್ಸ್ ಎಷ್ಟು ಅಂತ ತಿಳಿಯೋಕೆ ಪಕ್ಕದ ಮನೆಯವರು ಸಕ್ಕರೆ ಕೇಳುವ ನೆಪದಲ್ಲಿ ಬರಬೇಕು.

ಊರಿಗೆ ಇನ್ನೂ ನೂರು ವರ್ಷ ಆಗಿಲ್ಲ. ಮೊದಲು ಇಲ್ಲಿ ಬರೀ ನೀರು. ಒಡ್ಡು ಕಟ್ಟಿ, ಪಂಪ್ ಹಾಕಿ, 1942ರಲ್ಲಿ ಒಣಗಿಸಿದ ನೆಲ ಇದು. ಈಗಲೂ ಸಮುದ್ರ ಮಟ್ಟಕ್ಕಿಂತ ಕೆಳಗೇ ಇದ್ದೇವೆ. ಜಮೀನು ಬೇಕೆಂದು ಅರ್ಜಿ ಹಾಕಿದ ರೈತರ ಮನೆಗೇ ಆಗ ಸರ್ಕಾರದವರು ಹೋಗಿ, ಹೆಂಡತಿ ಮನೆ ಹೇಗಿಟ್ಟುಕೊಂಡಿದ್ದಾಳೆ ಅಂತಲೂ ನೋಡಿ ಆರಿಸುತ್ತಿದ್ದರಂತೆ. ನನ್ನ ಅಡುಗೆಮನೆ ನೋಡಿದ್ದರೆ ನಮಗೆ ಒಂದು ಗುಂಟೆಯೂ ಸಿಗುತ್ತಿರಲಿಲ್ಲ. ಸುತ್ತ ಆಲೂಗಡ್ಡೆ, ಈರುಳ್ಳಿ, ಟುಲಿಪ್. ಮತ್ತೆ ಗಾಳಿ. ತಡೆಯೋಕೆ ಒಂದು ಗುಡ್ಡವಾದರೂ ಬೇಡವಾ?

ಇಲ್ಲಿ ಗಂಡಸಿಗೆ ಐವತ್ತಾದರೆ ಅಬ್ರಹಾಮನನ್ನು ಕಂಡ ಹಾಗೆ ಲೆಕ್ಕ. ಬೈಬಲಿನಿಂದ ಬಂದ ಮಾತು. ಹೆಂಗಸರಿಗಾದರೆ ಅಬ್ರಹಾಮನ ಹೆಂಡತಿ ಸಾರಾ. ನಮ್ಮವರ ಐವತ್ತನೇ ಹುಟ್ಟುಹಬ್ಬದ ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಳದಲ್ಲಿ ಅಬ್ರಹಾಂ ಕುರ್ಚಿ ಹಾಕಿಕೊಂಡು ಕೂತಿದ್ದ. ಗೋಣಿಚೀಲದ ತಲೆ, ಹೊಟ್ಟೆ ತುಂಬ ಒಣಹುಲ್ಲು, ನೀಲಿ ಓವರಾಲ್, ಮಾರ್ಕರ್‌ನಲ್ಲಿ ಬರೆದ ಮೀಸೆ. ನಮ್ಮವರದೇ ಮೀಸೆ, ಎಡಗಡೆ ಸ್ವಲ್ಪ ಜಾಸ್ತಿ ಇಳಿದಿರುವುದೂ ಸೇರಿ. ಗುಡ್ ಮಾರ್ನಿಂಗ್ ಬಿಟ್ಟು ಬೇರೆ ಮಾತಾಡದ ಎದುರುಮನೆಯಾತ ಎಷ್ಟು ಗಮನಿಸಿದ್ದಾನೆ ನೋಡಿ!

ವಿಡಿಯೋ ಕಾಲ್‌ನಲ್ಲಿ ತೀರ್ಥಹಳ್ಳಿಯ ಅತ್ತೆಗೆ ತೋರಿಸಿದೆ.

"ಅಯ್ಯೋ, ಯಾರೋ ಮಾಟ ಮಾಡ್ಸಿದಾರೆ ಕಣೇ! ಮುಟ್ಟಬೇಡ. ಪಕ್ಕದಲ್ಲಿ ನಿಂಬೆಹಣ್ಣು, ಕುಂಕುಮ ಇದೆಯಾ ನೋಡು."

"ಇಲ್ಲ ಅತ್ತೆ, ಬಲೂನಿದೆ."

ಅವರಿಗೆ ಸಮಾಧಾನ ಆಗಲಿಲ್ಲ. ಮಧ್ಯಾಹ್ನ ಮತ್ತೆ ಫೋನ್ ಮಾಡಿದರು. ಅಷ್ಟರಲ್ಲಿ ಗಾಳಿ ಎದ್ದು ಅಬ್ರಹಾಂ ಕುರ್ಚಿ ಬಿಟ್ಟು ಹೊರಟಿದ್ದ. ರಸ್ತೆ ದಾಟಿ ಕಾಲುವೆಗೆ ಬಿದ್ದು, ಬೋರಲಾಗಿ ತೇಲುತ್ತಿದ್ದ. ಸೈಕಲ್‌ನಲ್ಲಿ ಹೋಗುತ್ತಿದ್ದ ಯಾರೋ ಹೆದರಿ 112ಕ್ಕೆ ಫೋನ್ ಮಾಡಿಬಿಟ್ಟರು.

ಇಂಥ ಊರುಗಳಲ್ಲಿ ಬೆಂಕಿ ಆರಿಸುವವರಲ್ಲಿ ಜಾಸ್ತಿ ಜನ ಸ್ವಯಂಸೇವಕರು. ಪೇಜರ್ ಕೂಗಿದರೆ ಕೈಲಿದ್ದ ಕೆಲಸ ಬಿಟ್ಟು ಓಡಿ ಬರುತ್ತಾರೆ. ಒಬ್ಬನ ಕಿವಿ ಹತ್ತಿರ ಹೊಲದ ಕೆಸರು, ಇನ್ನೊಬ್ಬನ ಹುಬ್ಬಿನ ಮೇಲೆ ಮೈದಾಹಿಟ್ಟು. ಕೊಕ್ಕೆ ಹಾಕಿ ಎಳೆದರೆ ಓವರಾಲ್ ಒಳಗಿಂದ ಹುಲ್ಲು ಹೊರಬಂತು. ಎದೆಯ ಮೇಲೆ ದೊಡ್ಡದಾಗಿ 50.

ಬೈಗುಳ ಗ್ಯಾರಂಟಿ ಅಂದುಕೊಂಡೆ. ಮುಂದೆ ನಿಂತಿದ್ದಾತ ಗ್ಲೌಸ್ ತೆಗೆದು ನಮ್ಮವರ ಕೈ ಕುಲುಕಿದ. ಆಮೇಲೆ ನನ್ನದು, ಆಮೇಲೆ ಮಗಳದು. ಇಲ್ಲಿ ಒಬ್ಬರ ಹುಟ್ಟುಹಬ್ಬಕ್ಕೆ ಮನೆಮಂದಿಗೆಲ್ಲ ಅಭಿನಂದನೆ. ಫೋನ್‌ನಲ್ಲಿದ್ದ ಅತ್ತೆಗೂ ಕೈಬೀಸಿ "ಗೆಫೆಲಿಸಿಟೇರ್ಡ್!" ಅಂದ.

"ಪಾಪ, ನೀರಲ್ಲಿ ನೆಂದಿದಾರೆ. ಹಾಗೇ ಕಳಿಸ್ತೀಯೇನೇ?" ಅಂದರು ಅತ್ತೆ, ಮಾಟದ ವಿಷಯ ಪೂರ್ತಿ ಮರೆತು.

ಕೇಕು ಸಂಜೆ ಬರುವವರ ತಲೆ ಎಣಿಸಿ ತಂದದ್ದು. ಈ ಊರಿನ ಲೆಕ್ಕದಲ್ಲಿ ತಲೆಗೊಂದೇ ತುಂಡು. ಹಾಗಾಗಿ ಚಿತ್ರಾನ್ನದ ಪಾತ್ರೆ ತೆಗೆದೆ. ಬೂಟು ಬಾಗಿಲಲ್ಲಿ ಬಿಟ್ಟು ಒಳಗೆ ಬಂದವರು ತಳ ಕಾಣುವವರೆಗೂ ತಿಂದರು.

ಏಳೂವರೆಗೆ ಬರುವವರಿಗೆ ಮತ್ತೆ ಅನ್ನಕ್ಕಿಟ್ಟೆ. ಮನೆಯಲ್ಲಿ ನಿಂಬೆಹಣ್ಣು ಮಾತ್ರ ಒಂದೂ ಉಳಿದಿರಲಿಲ್ಲ.